ಹಿತ್ತಲಿಗೆ ಟ್ರ್ಯಾಂಪೊಲಿನ್: ಯಾವುದು ತಗೊಳ್ಳೋದು, ತಗೊಳ್ಳೋದೇ ಬೇಡ್ವಾ?

ಫ್ರಿಸ್ಕೋ_ಅಕ್ಕ

ಎಲ್ಲರಿಗೂ ನಮಸ್ಕಾರ. ನಾವಿರೋದು ಡಲ್ಲಸ್ ಪಕ್ಕದ ಫ್ರಿಸ್ಕೋದಲ್ಲಿ. ಮೇ ಕೊನೆಗೆ ಸ್ಕೂಲು ಮುಗಿದರೆ ಆಗಸ್ಟ್ ತನಕ ಮಕ್ಕಳು ಮನೆಯಲ್ಲೇ. ಮಗಳಿಗೆ 9, ಮಗನಿಗೆ 4. ಎದುರು ಮನೆಯವರು ಟ್ರ್ಯಾಂಪೊಲಿನ್ (ಚೌಕಟ್ಟಿಗೆ ಸ್ಪ್ರಿಂಗ್‌ನಿಂದ ಬಿಗಿದ ಮ್ಯಾಟಿನ ಮೇಲೆ ಹಾರೋದು, ಸುತ್ತ ಬಲೆ ಇರುತ್ತೆ) ತಂದ ಮೇಲೆ ನಮ್ಮನೇಲಿ ಬೇರೆ ಮಾತೇ ಇಲ್ಲ.

ಹಿತ್ತಲಲ್ಲಿ ಪ್ಯಾಟಿಯೋ ಬಿಟ್ಟು ಸಮತಟ್ಟಾದ ಜಾಗ ಅಂದ್ರೆ 28ಕ್ಕೆ 25 ಅಡಿ. ಒಂದು ಮೂಲೆಯಲ್ಲಿ ಓಕ್ ಮರ ಇದೆ. ಸುತ್ತ ಮರದ ಬೇಲಿ. ನಮ್ಮವರು "14 ಅಡಿಯದ್ದೇ ತರೋಣ, ಇನ್ನೂ ಐದಾರು ವರ್ಷ ಬರುತ್ತೆ" ಅಂತಿದ್ದಾರೆ. ನನಗೆ ಅದನ್ನು ನೋಡಿದರೇ ಭಯ. ಜೂನ್‌ನಲ್ಲಿ ಶಿವಮೊಗ್ಗದಿಂದ ಅತ್ತೆ ಮಾವ ಬರ್ತಾರೆ. ನಾವಿಬ್ಬರೂ ಕೆಲಸದಲ್ಲಿದ್ದಾಗ ಮಕ್ಕಳನ್ನು ಅವರೇ ನೋಡಿಕೊಳ್ಳಬೇಕು.

500 ಡಾಲರ್ ಒಳಗೆ ಒಳ್ಳೇದು ಸಿಗುತ್ತಾ? ಬಲೆ ಇದ್ದರೆ ಸಾಕಾ? ಸ್ಪ್ರಿಂಗ್ ಇಲ್ಲದ್ದು ಅಂತ ಒಂದಿದೆಯಲ್ಲ, ಅದಕ್ಕೆ ಅಷ್ಟು ದುಡ್ಡು ಕೊಡಬಹುದಾ?

ನೈಟ್‌ಶಿಫ್ಟ್_ನರ್ಸ್

ಹ್ಯೂಸ್ಟನ್‌ನಲ್ಲಿ ಮಕ್ಕಳ ಎಮರ್ಜೆನ್ಸಿಯಲ್ಲಿ ಕೆಲಸ ಮಾಡ್ತೀನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ತರಬೇಡಿ. ಇದು ನನ್ನೊಬ್ಬಳ ಮಾತಲ್ಲ. ಇಲ್ಲಿನ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಮನೆಯಲ್ಲಿ ಟ್ರ್ಯಾಂಪೊಲಿನ್ ಬೇಡ ಅಂತ 1999ರಲ್ಲೇ ಹೇಳಿದೆ. 2012ರಲ್ಲಿ ಮತ್ತೆ ಅದನ್ನೇ ಹೇಳಿತು. 2009 ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಸುಮಾರು 98,000 ಜನಕ್ಕೆ ಇದರಿಂದ ಪೆಟ್ಟಾಗಿದೆ ಅನ್ನೋ ಅಂದಾಜು ಅದರಲ್ಲಿದೆ.

ಆದರೆ ನೀವು ಕೇಳಿದ್ದು ಬಲೆ ಬಗ್ಗೆ. ಎಲ್ಲರೂ ಅಂದುಕೊಳ್ಳೋದು ಮಗು ಹೊರಗೆ ಬಿದ್ದು ಕೈ ಮುರಿದುಕೊಳ್ಳುತ್ತೆ ಅಂತ. ಅದೂ ಆಗುತ್ತೆ. ಆದರೆ ಪೆಟ್ಟುಗಳಲ್ಲಿ ಮುಕ್ಕಾಲು ಪಾಲು ಆಗೋದು ಒಬ್ಬರಿಗಿಂತ ಜಾಸ್ತಿ ಜನ ಮೇಲಿದ್ದಾಗ. ಆ ಗುಂಪಿನಲ್ಲಿ ಎಲ್ಲರಿಗಿಂತ ಹಗುರ ಇರೋ ಮಗುವಿಗೆ ಅಪಾಯ ಜಾಸ್ತಿ ಭಾರದವರಿಗಿಂತ 14 ಪಟ್ಟು ತನಕ. ನಿಮ್ಮ ಮನೆಯ ಲೆಕ್ಕದಲ್ಲಿ ಅದು ನಿಮ್ಮ 4 ವರ್ಷದವನು.

ಹೇಗಾಗುತ್ತೆ ಅಂದ್ರೆ, ದೊಡ್ಡವಳು ಮೇಲಿಂದ ಬಂದು ಕೂತಾಗ ಮ್ಯಾಟು ಕೆಳಗೆ ಜಗ್ಗುತ್ತೆ. ಅದು ವಾಪಸ್ ಮೇಲಕ್ಕೆ ಚಿಮ್ಮೋ ಹೊತ್ತಿಗೆ ಸರಿಯಾಗಿ ಚಿಕ್ಕವನು ಕೆಳಗಿಳೀತಿರ್ತಾನೆ. ಅವನ ಕಾಲಿಗೆ ಸಿಗೋದು ಮೆತ್ತನೆ ಬಟ್ಟೆ ಅಲ್ಲ, ಎದುರಿಗೆ ಬರ್ತಿರೋ ಬಿಗಿ ಹಾಸು. ಕಾಂಕ್ರೀಟ್ ನೆಲಕ್ಕೆ ಹಾರಿದ ಹಾಗೆ ಕಾಲು ಹೊಡೆಯುತ್ತೆ. ಮಂಡಿಗಿಂತ ಸ್ವಲ್ಪ ಕೆಳಗೆ ಕಾಲಿನ ದಪ್ಪ ಮೂಳೆ ಬಿರುಕು ಬಿಡುತ್ತೆ. ಇದಕ್ಕೆ ಟ್ರ್ಯಾಂಪೊಲಿನ್ ಫ್ರ್ಯಾಕ್ಚರ್ ಅಂತಲೇ ಹೆಸರಿದೆ. ಮಗು ಬಿದ್ದೇ ಇರಲ್ಲ, ಬಲೆ ಮುಟ್ಟಿಯೇ ಇರಲ್ಲ. ಬರೀ ಕಾಲೂರಲ್ಲ ಅಂತ ಅಳುತ್ತಿರುತ್ತೆ. ಕೆಲವು ಸಲ ಮೊದಲ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣೋದೂ ಇಲ್ಲ.

ಹಾಸನ_ಹೈಕಳು

ಅಯ್ಯೋ ಸುಮ್ನಿರಿ ಮೇಡಂ. ನಾವೆಲ್ಲ ಮಾವಿನ ಮರದಿಂದ ಬಿದ್ದು, ಕೆರೆ ಏರಿ ಮೇಲೆ ಓಡಾಡಿ ಬೆಳೆದವರೇ. ಮಕ್ಕಳಿಗೆ ಒಂಚೂರು ಪೆಟ್ಟಾಗಲಿ ಬಿಡಿ. ಇಡೀ ಬೇಸಿಗೆ ಐಪ್ಯಾಡ್ ಹಿಡ್ಕೊಂಡು ಕೂರೋದಕ್ಕಿಂತ ಇದು ವಾಸಿ. ನಮ್ಮನೇಲಿ ಮೂರು ವರ್ಷದಿಂದ ಇದೆ, ಏನೂ ಆಗಿಲ್ಲ.

ನೈಟ್‌ಶಿಫ್ಟ್_ನರ್ಸ್

ಐಪ್ಯಾಡ್ ಮಾತು ಒಪ್ಪಿದೆ. ಮರದ ಮಾತು ಒಪ್ಪಲ್ಲ. ಮರದ ಕೊಂಬೆ ಮಗುವನ್ನು ಮೇಲಕ್ಕೆ ಎಸೆಯಲ್ಲ ಅಲ್ವಾ? ಮಂಡಿ ತರಚಿದರೆ ನನಗೇನೂ ಬೇಜಾರಿಲ್ಲ. ನಾನು ಹೆದರೋದು ಕುತ್ತಿಗೆಗೆ. ಪಲ್ಟಿ ಹೊಡೆಯೋಕೆ ಹೋಗಿ ಕತ್ತಿನ ಮೇಲೆ ಬಿದ್ದರೆ ಅದು ಜೀವನಪೂರ್ತಿಯ ತೊಂದರೆ. ಅಂಥದ್ದು ಅಪರೂಪ, ಆದರೆ ಒಮ್ಮೆ ಆದರೆ ಆಯ್ತು. ನಿಮ್ಮ ಮಕ್ಕಳು ಪಲ್ಟಿ ಹೊಡೀತಾರಾ?

ಹಾಸನ_ಹೈಕಳು

ದೊಡ್ಡವನು ಹೊಡೀತಾನೆ. ಯೂಟ್ಯೂಬ್ ನೋಡಿ ಕಲ್ತಿದ್ದಾನೆ. ಸರಿ, ಇವತ್ತು ಮಾತಾಡ್ತೀನಿ.

ಬೋಲ್ಟು_ನಟ್ಟು

ಆಸ್ಟಿನ್‌ನಿಂದ. ಮೆಕ್ಯಾನಿಕಲ್ ಎಂಜಿನಿಯರ್, ಇಬ್ಬರು ಮಕ್ಕಳ ಅಪ್ಪ. ನರ್ಸ್ ಮೇಡಂ ಹೇಳಿದ್ದೆಲ್ಲ ನಿಜ. ಅಷ್ಟಾದರೂ ಜನ ತರ್ತಾರೆ, ನಾನೂ ತಂದಿದ್ದೀನಿ. ತರೋದಾದ್ರೆ ಏನು ನೋಡಬೇಕು ಅಂತ ಹೇಳ್ತೀನಿ.

ಮೊದಲು ಜಾಗ. ಸುತ್ತಲೂ ಎರಡು ಮೀಟರ್, ಅಂದ್ರೆ ಆರೂವರೆ ಅಡಿ ಖಾಲಿ ಇರಬೇಕು. ನಿಮ್ಮ ಚಿಕ್ಕ ಬದಿ 25 ಅಡಿ. 14 ಅಡಿಯದ್ದಕ್ಕೆ 27 ಬೇಕು, ಕೂರಲ್ಲ. 12 ಅಡಿಯದ್ದು ಸರಿಯಾಗಿ ಕೂರುತ್ತೆ. ನಿಮ್ಮವರ ಜೊತೆ ವಾದ ಇಲ್ಲಿಗೇ ಮುಗೀತು. ತಲೆ ಮೇಲೂ ನೋಡಿ. ನೆಲದಿಂದ 24 ಅಡಿ ತನಕ ಏನೂ ಅಡ್ಡ ಇರಬಾರದು ಅಂತ ಮ್ಯಾನ್ಯುಯಲ್‌ಗಳಲ್ಲಿ ಬರೆದಿರುತ್ತೆ. ಓಕ್ ಮರದ ಕೊಂಬೆ ಆ ಕಡೆ ಚಾಚಿದ್ದರೆ ಕಡಿಸಿ, ಇಲ್ಲಾಂದ್ರೆ ಜಾಗ ಬದಲಿಸಿ.

ಆಮೇಲೆ ಆಕಾರ. ಮನೆ ಮಕ್ಕಳಿಗೆ ದುಂಡಗಿರೋದೇ ಸರಿ. ಎಲ್ಲಿ ಕಾಲಿಟ್ಟರೂ ಅದು ನಡುವಿಗೆ ತಳ್ಳುತ್ತೆ. ಆಯತಾಕಾರದ್ದು ಜಿಮ್ನಾಸ್ಟಿಕ್ಸ್ ಕಲಿಯೋರಿಗೆ. ಅದರ ಚಿಮ್ಮು ಜಾಸ್ತಿ, ನಿಮಗೆ ಬೇಡ.

ಇನ್ನು ಬಲೆ. ಅಂಗಡಿಯಲ್ಲಿ ಎಲ್ಲದಕ್ಕೂ ಬಲೆ ಇರುತ್ತೆ. ಆದರೆ ಅದನ್ನು ಎಲ್ಲಿ ಕಟ್ಟಿದ್ದಾರೆ ನೋಡಿ. ಕೆಲವದರಲ್ಲಿ ಬಲೆ ಹೊರಗಿನ ಕಬ್ಬಿಣದ ಚೌಕಟ್ಟಿಗೆ ಕಟ್ಟಿರುತ್ತಾರೆ. ಆಗ ಸ್ಪ್ರಿಂಗು, ಅದರ ಮೇಲಿನ ಪ್ಯಾಡು ಎರಡೂ ಬಲೆಯ ಒಳಗೇ ಉಳಿಯುತ್ತವೆ. ಮಗು ಅದರ ಮೇಲೆ ಕಾಲಿಟ್ಟೇ ಇಡುತ್ತೆ. ಪ್ಯಾಡ್ ಜರುಗಿದ್ದರೆ ಕಾಲು ಎರಡು ಸ್ಪ್ರಿಂಗ್ ನಡುವೆ ಸೀದಾ ಇಳಿಯುತ್ತೆ. ಬಲೆಯ ಕೆಳ ಅಂಚು ಮ್ಯಾಟಿನ ಅಂಚಿಗೇ ಸೇರಿರೋದನ್ನು ಹುಡುಕಿ. ಆಗ ಸ್ಪ್ರಿಂಗೆಲ್ಲ ಬಲೆಯ ಹೊರಗೆ. 500 ಡಾಲರ್ ಒಳಗೇ ಇಂಥದ್ದು ಸಿಗುತ್ತೆ.

ಡಬ್ಬದ ಮೇಲೆ ಎಎಸ್‌ಟಿಎಂ ಎಫ್ 381 ಅಂತ ಇದೆಯಾ ನೋಡಿ, ಅದು ಟ್ರ್ಯಾಂಪೊಲಿನ್‌ನ ಸುರಕ್ಷತಾ ಸ್ಟ್ಯಾಂಡರ್ಡ್. ಬಲೆಯದ್ದು ಎಫ್ 2225. ಎರಡೂ ಇರಲಿ. ಚೌಕಟ್ಟಿನ ಪೈಪಿಗೆ ಒಳಗೂ ಹೊರಗೂ ಸತುವಿನ ಲೇಪ ಇರಬೇಕು. ಹೊರಗೆ ಮಾತ್ರ ಬಣ್ಣ ಬಳಿದಿದ್ದರೆ ಎರಡು ಮಳೆಗಾಲಕ್ಕೆ ಒಳಗಿಂದ ತುಕ್ಕು ಶುರು. ಗೇಜ್ ನಂಬರ್ ಕಮ್ಮಿ ಇದ್ದಷ್ಟೂ ಪೈಪು ದಪ್ಪ, ಇದನ್ನು ಉಲ್ಟಾ ತಿಳ್ಕೋಬೇಡಿ. ಬಲೆಯ ಕಂಬಗಳಿಗೆ ಸುತ್ತಿರೋ ಫೋಮ್ ಬಿಸಿಲಿಗೆ ಪುಡಿಪುಡಿ ಆಗುತ್ತೆ. ಬೇರೆ ಸಿಗುತ್ತಾ ಅಂತ ಮೊದಲೇ ಕೇಳಿ.

ಸ್ಪ್ರಿಂಗ್ ಇಲ್ಲದ್ದರ ವಿಷಯ. ಸ್ಪ್ರಿಂಗ್‌ಫ್ರೀ ಅನ್ನೋದು ಇದರಲ್ಲಿ ಹೆಸರುವಾಸಿ. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ, ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಮೇಷ್ಟ್ರು ಕೀತ್ ಅಲೆಕ್ಸಾಂಡರ್ ಮಾಡಿದ್ದು. ಮಗಳಿಗೆ ಟ್ರ್ಯಾಂಪೊಲಿನ್ ತರೋಣ ಅಂತ ಹೊರಟಾಗ ಹೆಂಡತಿ ಅದು ಅಪಾಯ, ಬೇಡ ಅಂದರಂತೆ. ಆಮೇಲೆ ಅವರು ವರ್ಷಗಟ್ಟಲೆ ಕೂತು ಹೊಸದನ್ನೇ ಕಟ್ಟಿದರು. ಅದರಲ್ಲಿ ಸ್ಪ್ರಿಂಗ್ ಬದಲು ಫೈಬರ್‌ಗ್ಲಾಸ್ ಕೋಲುಗಳು ಮ್ಯಾಟಿನ ಅಂಚಿಂದ ಓರೆಯಾಗಿ ಕೆಳಗಿಳಿಯುತ್ತವೆ. ಚೌಕಟ್ಟು ನೆಲದ ಹತ್ತಿರ ಇರುತ್ತೆ. ಹಾರೋರ ಮಟ್ಟದಲ್ಲಿ ತಾಗೋ ಕಬ್ಬಿಣವೇ ಇಲ್ಲ. ನನಗೆ ತುಂಬಾ ಇಷ್ಟವಾದ ಡಿಸೈನು. ಆದರೆ ಸಾವಿರ ಡಾಲರ್ ದಾಟುತ್ತೆ. ಅಷ್ಟು ಕೊಟ್ಟರೂ ಇಬ್ಬರು ಒಟ್ಟಿಗೆ ಹತ್ತಿದರೆ ನರ್ಸ್ ಮೇಡಂ ಹೇಳಿದ್ದು ಹಾಗೇ ಆಗುತ್ತೆ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯೋದನ್ನು ಯಾವ ಕೋಲೂ ತಪ್ಪಿಸಲ್ಲ.

ಫ್ರಿಸ್ಕೋ_ಅಕ್ಕ

ತುಂಬಾ ಉಪಕಾರ ಆಯ್ತು ಅಣ್ಣ. 12 ಅಡಿ ಲೆಕ್ಕ ತೋರಿಸಿದೆ, ನಮ್ಮವರು ಟೇಪು ಹಿಡಿದು ಮತ್ತೊಮ್ಮೆ ಅಳೆದು ಬಂದು ಸುಮ್ಮನಾದರು. ಒಂದು ಕೇಳೋದಿತ್ತು. ಬಾಗಿಲಿಗೆ ಜಿಪ್ ಇರೋದು ಒಳ್ಳೇದಾ, ಬಟ್ಟೆ ಒಂದರ ಮೇಲೊಂದು ಬರೋ ಥರದ್ದಾ? ಏಣಿ ಜೊತೆಗೇ ತಗೊಳ್ಳಲಾ?

ಬೋಲ್ಟು_ನಟ್ಟು

ಜಿಪ್ ಜೊತೆಗೆ ಕೊಕ್ಕೆಯೂ ಇರೋದು ಒಳ್ಳೇದು. ಬರೀ ಜಿಪ್ ಆದರೆ ಮಕ್ಕಳು ಅರ್ಧ ಎಳೆದು ಬಿಟ್ಟುಬಿಡ್ತಾರೆ. ಒಂದರ ಮೇಲೊಂದು ಬರೋದ್ರಲ್ಲಿ ಮುಚ್ಚೋದನ್ನು ಮರೆಯೋ ಪ್ರಶ್ನೆಯೇ ಇಲ್ಲ, ಕೆಡೋ ಭಾಗವೂ ಇಲ್ಲ. ನಾನಾದ್ರೆ ಅದನ್ನೇ ತಗೊಳ್ತೀನಿ.

ಏಣಿ ತಗೊಳ್ಳಿ, ಆದರೆ ಆಟ ಮುಗಿದ ಕೂಡಲೇ ತೆಗೆದು ಗರಾಜಿಗೆ ಹಾಕಿ. ಏಣಿ ಅಲ್ಲೇ ಇದ್ದರೆ ನಿಮ್ಮ 4 ವರ್ಷದವನಿಗೆ ನೀವೇ ಮೆಟ್ಟಿಲು ಕಟ್ಟಿಕೊಟ್ಟ ಲೆಕ್ಕ.

ಎಡಿಸನ್_ಮಾವ

ನ್ಯೂಜೆರ್ಸಿಯಲ್ಲಿ ಇನ್ಶೂರೆನ್ಸ್ ಕೆಲಸ ನನ್ನದು. ಇಲ್ಲಿ ಯಾರೂ ಇನ್ನೂ ಆ ಮಾತೇ ಎತ್ತಿಲ್ಲ, ಆಶ್ಚರ್ಯ.

ಆರ್ಡರ್ ಮಾಡೋ ಮುಂಚೆ ನಿಮ್ಮ ಮನೆ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಮ್ಮ. ಕೆಲವು ಪಾಲಿಸಿಗಳಲ್ಲಿ ಟ್ರ್ಯಾಂಪೊಲಿನ್ ಪೂರ್ತಿ ಹೊರಗೆ. ಪಕ್ಕದ ಮನೆ ಮಗು ಬಿದ್ದು ಅವರು ಕೇಸು ಹಾಕಿದರೆ ಕಂಪನಿ ಒಂದು ಕಾಸೂ ಕೊಡಲ್ಲ. ಕೆಲವರು ಬಲೆ ಮತ್ತು ಬೀಗ ಹಾಕೋ ಬೇಲಿ ಇದ್ದರೆ ಒಪ್ತಾರೆ. ಕೆಲವರು ಪ್ರೀಮಿಯಂ ಏರಿಸ್ತಾರೆ. ಹೇಳದೆ ಇಟ್ಟುಕೊಂಡು ಆಮೇಲೆ ಗೊತ್ತಾದರೆ ಪಾಲಿಸಿ ಮುಂದುವರಿಸದೆಯೂ ಇರಬಹುದು. ಫೋನಿನಲ್ಲಿ ಹೂಂ ಅಂದರೆ ಸಾಲದು, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅಂಬ್ರೆಲಾ ಪಾಲಿಸಿ (ಮನೆ ಪಾಲಿಸಿಯ ಮಿತಿ ಮೀರಿದ ಹೊಣೆಗೆ ತಗೊಳ್ಳೋ ಹೆಚ್ಚುವರಿ ಇನ್ಶೂರೆನ್ಸ್) ಇದ್ದರೆ ಅದನ್ನೂ ಬೇರೆಯಾಗಿ ಕೇಳಿ.

ಇನ್ನೊಂದು. ಈ ದೇಶದ ಕಾನೂನಿನಲ್ಲಿ ಅಟ್ರ್ಯಾಕ್ಟಿವ್ ನ್ಯೂಸೆನ್ಸ್ ಅಂತ ಒಂದಿದೆ. ಈಜುಕೊಳದ ವಿಷಯದಲ್ಲಿ ಕೇಳಿರ್ತೀರಿ. ಮಕ್ಕಳನ್ನು ಸೆಳೆಯೋ ಅಪಾಯದ ವಸ್ತು ನಿಮ್ಮ ಹಿತ್ತಲಲ್ಲಿದ್ದರೆ, ಕರೆಯದೇ ಒಳಗೆ ಬಂದ ಮಗುವಿಗೆ ಪೆಟ್ಟಾದರೂ ಜವಾಬ್ದಾರಿ ನಿಮ್ಮ ತಲೆಗೆ ಬರಬಹುದು. "ನಾವು ಮನೇಲೇ ಇರಲಿಲ್ಲ" ಅನ್ನೋದು ಉತ್ತರ ಅಲ್ಲ. ಬೇಲಿಯ ಗೇಟಿಗೆ ಬೀಗ ಹಾಕಿ.

ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಇದ್ದರೆ ಅದರ ನಿಯಮವನ್ನೂ ಒಮ್ಮೆ ಓದಿ. ಬೇಲಿಗಿಂತ ಎತ್ತರ ಏನೂ ಕಾಣಬಾರದು ಅನ್ನೋ ಎಚ್‌ಒಎಗಳೂ ಇವೆ. ಬಲೆಯ ಕಂಬ ಕಂಡೇ ಕಾಣುತ್ತೆ.

ಪ್ಲೇನೋ_ಪುಟ್ಟಿಅಮ್ಮ

ನಾನು ನಿಮ್ಮ ಹತ್ತಿರದಲ್ಲೇ ಇದ್ದೀನಿ ಅಕ್ಕ. ಮನೆ ಮಕ್ಕಳಿಬ್ಬರದ್ದು ಹೇಗಾದ್ರೂ ಸಂಭಾಳಿಸಬಹುದು. ನಿಜವಾದ ತಲೆನೋವು ನಮ್ಮ ಪಾಟ್‌ಲಕ್‌ಗಳು, ಎಲ್ಲರೂ ಒಂದೊಂದು ಅಡುಗೆ ತಂದು ಸೇರೋ ಊಟಗಳು.

ಹೋದ ಬೇಸಿಗೆ ಗೆಳೆಯರ ಮನೆಯಲ್ಲಿ ಹುಟ್ಟುಹಬ್ಬ. ದೊಡ್ಡವರೆಲ್ಲ ಬಿಸಿಬೇಳೆಬಾತ್ ತಟ್ಟೆ ಹಿಡಿದು ಪ್ಯಾಟಿಯೋದಲ್ಲಿ ನಿಂತಿದ್ದರು. ಟ್ರ್ಯಾಂಪೊಲಿನ್ ಪಕ್ಕದಲ್ಲೇ ಇತ್ತು, ಯಾರೂ ನೋಡ್ತಿರಲಿಲ್ಲ ಅನ್ನೋಹಾಗಿಲ್ಲ. ಏಳೆಂಟು ಮಕ್ಕಳು ಒಟ್ಟಿಗೆ ಒಳಗೆ. 12 ವರ್ಷದವನೂ ಇದ್ದ, 3 ವರ್ಷದವಳೂ ಇದ್ದಳು. ಬಲೆ ಹೊಚ್ಚ ಹೊಸದು. ಚಿಕ್ಕವಳು ಇದ್ದಕ್ಕಿದ್ದಂತೆ ಕೂತು ಚೀರಿದಳು. ಯಾರು ತಳ್ಳಿದ್ದು ಅಂತ ಎಲ್ಲ ಮಕ್ಕಳನ್ನೂ ವಿಚಾರಿಸಿದ್ದೇ ವಿಚಾರಿಸಿದ್ದು. ಯಾರೂ ತಳ್ಳಿರಲಿಲ್ಲ. ನರ್ಸ್ ಮೇಡಂ ಬರೆದದ್ದು ಓದಿದ ಮೇಲೆ ನನಗೆ ಅರ್ಥ ಆಯ್ತು, ಮಂಡಿ ಕೆಳಗೇ ಆಗಿತ್ತು. ಇಡೀ ಬೇಸಿಗೆ ಕಾಲಿಗೆ ಬ್ಯಾಂಡೇಜು ಹಾಕಿಕೊಂಡೇ ಕಳೀತು ಮಗು.

ಈಗ ಆ ಮನೆಯಲ್ಲಿ ಪಾರ್ಟಿ ದಿನ ಬಲೆಯ ಬಾಗಿಲಿಗೆ ಸೈಕಲ್ ಬೀಗ. ಬೇರೆ ದಿನ ಒಬ್ಬೊಬ್ಬರೇ. ಅವರ ಮಾವನವರು ಊರಿಂದ ಬಂದಿದ್ದಾಗ ಕುರ್ಚಿ ಹಾಕಿಕೊಂಡು ಕೂತು ಅಂಪೈರ್ ಆಗಿದ್ದರು. ಒಂದರಿಂದ ಐವತ್ತರ ತನಕ ಕನ್ನಡದಲ್ಲಿ ಎಣಿಸಬೇಕು, ಮುಗಿದರೆ ಇಳೀಬೇಕು. ತಪ್ಪು ಎಣಿಸಿದರೆ ಮೊದಲಿಂದ. ಮಕ್ಕಳಿಗೆ ಇಪ್ಪತ್ತೊಂಬತ್ತರ ಹತ್ತಿರ ಬಂದಾಗೆಲ್ಲ ಮಜಾ.

ನೈಟ್‌ಶಿಫ್ಟ್_ನರ್ಸ್

ಅಂಪೈರ್ ಮಾವನವರಿಗೆ ನಮಸ್ಕಾರ. ಸುಮ್ನೆ ಪಕ್ಕದಲ್ಲಿ ಇದ್ದರೆ ಆಗಲ್ಲ ಅನ್ನೋದು ಇಲ್ಲೇ ಗೊತ್ತಾಗುತ್ತೆ. ಪೆಟ್ಟಾದ ಪ್ರಕರಣಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು, ದೊಡ್ಡವರು ನೋಡ್ತಿದ್ದಾಗಲೇ ಆಗಿದ್ದು. ನೋಡೋದು ಬೇರೆ, "ಇಳಿ" ಅಂತ ಗಟ್ಟಿಯಾಗಿ ಹೇಳೋದು ಬೇರೆ. ಫ್ರಿಸ್ಕೋ ಅಕ್ಕ, ನಿಮ್ಮ ಅತ್ತೆ ಮಾವನಿಗೆ ಮೊಮ್ಮಕ್ಕಳನ್ನು ಗದರಿಸೋಕೆ ಆಗುತ್ತಾ? ನಮ್ಮತ್ತೆಗಂತೂ ಆಗಲ್ಲ.

ಫ್ರಿಸ್ಕೋ_ಅಕ್ಕ

ಮಾವನಿಗೆ ಆಗುತ್ತೆ, ನಿವೃತ್ತ ಹೆಡ್‌ಮಾಸ್ಟರು. ಅತ್ತೆಗೆ ಸುತರಾಂ ಆಗಲ್ಲ.

ನನ್ನ ಚಿಂತೆ ಈಗ ಚಿಕ್ಕವನದ್ದೇ. ಅಕ್ಕ ಹಾರೋದು ನೋಡ್ತಾ ಇವನು ಸುಮ್ನೆ ಇರ್ತಾನಾ? ಅವನಿಗೆ ಏನು ಕೊಡ್ಲಿ?

ನೈಟ್‌ಶಿಫ್ಟ್_ನರ್ಸ್

6 ವರ್ಷದ ಒಳಗಿನವರು ದೊಡ್ಡ ಟ್ರ್ಯಾಂಪೊಲಿನ್ ಹತ್ತಬಾರದು. ಇದು ಡಾಕ್ಟರ್‌ಗಳ ಮಾತಷ್ಟೇ ಅಲ್ಲ, ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗ ಸಿಪಿಎಸ್‌ಸಿಯೂ ಹಾಗೇ ಹೇಳುತ್ತೆ. ಪೆಟ್ಟಾದ 5 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಲ್ಲಿ 48 ಪರ್ಸೆಂಟ್‌ಗೆ ಮೂಳೆ ಮುರಿದಿತ್ತು ಅಥವಾ ಕೀಲು ತಪ್ಪಿತ್ತು. ಅವರ ಮೂಳೆ ಇನ್ನೂ ಎಳೆಯದು.

ಅವನಿಗೆ ಒಳಾಂಗಣದ ಪುಟ್ಟ ಟ್ರ್ಯಾಂಪೊಲಿನ್ ಸಿಗುತ್ತೆ, ಹಿಡ್ಕೊಳ್ಳೋಕೆ ಹ್ಯಾಂಡಲ್ ಇರೋದು. ನೆಲದಿಂದ ಗೇಣೆತ್ತರ. ಅದರಲ್ಲೂ ಒಬ್ಬನೇ, ನೀವು ಪಕ್ಕದಲ್ಲಿ. ಅಪಾಯ ಇಲ್ಲವೇ ಇಲ್ಲ ಅಂತಲ್ಲ, ಕಮ್ಮಿ. ಅಕ್ಕನ ಆಟಕ್ಕೆ ಇವನು ಮಲಗೋ ಹೊತ್ತನ್ನು ಇಟ್ಟುಬಿಡಿ.

ಕ್ಯಾರಿ_ಗೃಹಸ್ಥ

ನಮ್ಮ ನಾರ್ತ್ ಕ್ಯಾರೊಲೈನಾದಲ್ಲಿ ಕೆಲವರು ಗುಂಡಿ ತೋಡಿ ನೆಲದ ಮಟ್ಟಕ್ಕೇ ಕೂರಿಸ್ತಾರೆ. ಬೀಳೋಕೆ ಎತ್ತರವೇ ಇರಲ್ಲ. ಇದು ಹೇಗೆ?

ಬೋಲ್ಟು_ನಟ್ಟು

ನೋಡೋಕೆ ಚೆಂದ. ಬೀಳೋ ಎತ್ತರ ಕಮ್ಮಿ ಆಗೋದೂ ನಿಜ. ಆದರೆ ಒಟ್ಟಿಗೆ ಹಾರೋ ಸಮಸ್ಯೆ ಹಾಗೇ ಇರುತ್ತೆ. ಅದೂ ಅಲ್ದೆ ಡಲ್ಲಸ್ ಕಡೆ ಜೇಡಿಮಣ್ಣು. ಮಳೆ ಬಂದರೆ ಊದಿಕೊಳ್ಳುತ್ತೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ಗುಂಡಿಯಲ್ಲಿ ನೀರು ಇಂಗೋದೇ ಇಲ್ಲ. ಸೊಳ್ಳೆ ಸಾಕಿದ ಹಾಗಾಗುತ್ತೆ. ನೀರು ಹೋಗೋಕೆ ಪೈಪು, ಸುತ್ತ ಗೋಡೆ ಅಂತ ಶುರುವಾದರೆ ಟ್ರ್ಯಾಂಪೊಲಿನ್‌ಗಿಂತ ಗುಂಡಿಯದ್ದೇ ಖರ್ಚು ಜಾಸ್ತಿ.

ನೆಲ ಅಗೆಯೋದಿದ್ದರೆ ಮೊದಲು 811ಕ್ಕೆ ಫೋನ್ ಮಾಡಿ. ಗ್ಯಾಸು, ಕರೆಂಟು, ಇಂಟರ್‌ನೆಟ್ ಲೈನು ಎಲ್ಲಿದೆ ಅಂತ ಪುಕ್ಕಟೆ ಗುರುತು ಹಾಕಿ ಹೋಗ್ತಾರೆ. ಗುಂಡಿಗೆ ಮಾತ್ರ ಅಲ್ಲ, ಗಾಳಿಗೆ ಹಾರದ ಹಾಗೆ ಹೊಡೆಯೋ ಗೂಟಕ್ಕೂ ಇದು ಬೇಕು.

ಪ್ಲೇನೋ_ಪುಟ್ಟಿಅಮ್ಮ

ಗೂಟದ ಮಾತು ಬಂತಲ್ಲ, ಅದನ್ನು ಒತ್ತಿ ಹೇಳ್ತೀನಿ. ನಮ್ಮ ಕಡೆಯ ಗಾಳಿ ಗೊತ್ತಲ್ಲ. ಬಲೆ ಇರೋ ಟ್ರ್ಯಾಂಪೊಲಿನ್ ಪೂರ್ತಿ ಪಟವೇ. ಒಂದು ರಾತ್ರಿ ಬಿರುಗಾಳಿಗೆ ಹಿಂದಿನ ಬೀದಿಯವರದ್ದು ಎರಡು ಬೇಲಿ ದಾಟಿ ಒಬ್ಬರ ಕಾರಿನ ಮೇಲೆ ಕೂತಿತ್ತು. ನೆಟ್ಟಗೆ ಹೊಡೆಯೋ ಗೂಟ ಸಾಲದು, ಸ್ಕ್ರೂ ಥರ ತಿರುಗಿಸಿ ಇಳಿಸೋದು ಹಾಕಿ. ದೊಡ್ಡ ಗಾಳಿಯ ಮುನ್ಸೂಚನೆ ಇದ್ದರೆ ಬಲೆ ಇಳಿಸಿಬಿಡಿ.

ಬಿಸಿಲು ಇನ್ನೊಂದು. ಕಪ್ಪು ಮ್ಯಾಟ್ ಜುಲೈ ಮಧ್ಯಾಹ್ನ ಕಾಲು ಸುಡುತ್ತೆ. ಬೆಳಗ್ಗೆ ಒಂಬತ್ತರ ಒಳಗೆ, ಇಲ್ಲಾಂದ್ರೆ ಸಂಜೆ ಏಳರ ಮೇಲೆ. ಮಕ್ಕಳು ಕಾಲಿಡೋ ಮುಂಚೆ ನೀವು ಅಂಗೈ ಇಟ್ಟು ನೋಡಿ.

ಹಾಸನ_ಹೈಕಳು

ಬಿಸಿಗೆ ಸ್ಪ್ರಿಂಕ್ಲರ್ ಹಾಕ್ರಪ್ಪ! ಬಲೆಗೆ ಸುತ್ತೋ ನೀರಿನ ಪೈಪೇ ಸಿಗುತ್ತೆ. ನಮ್ಮ ಮಕ್ಕಳಿಗೆ ಅದೇ ದೊಡ್ಡ ಖುಷಿ.

ಬೋಲ್ಟು_ನಟ್ಟು

ಒದ್ದೆ ಮ್ಯಾಟ್ ಮೇಲೆ ಹಾರಬೇಡಿ ಅಂತ ಟ್ರ್ಯಾಂಪೊಲಿನ್‌ಗಳ ಮ್ಯಾನ್ಯುಯಲ್‌ನಲ್ಲೇ ಇರುತ್ತೆ ಅಣ್ಣ. ಕಾಲು ಜಾರುತ್ತೆ. ಮ್ಯಾಟ್ ತಂಪಾಗೋಕೆ ನೀರು ಹೊಡೆದು, ಒಣಗಿದ ಮೇಲೆ ಹತ್ತಿಸಿದರೆ ಸರಿ. ನೀರಾಟ ಹುಲ್ಲಿನ ಮೇಲೆ ಆಡಲಿ.

ಮೆಲ್ಬರ್ನ್_ಮಂಡ್ಯ

ನಮಗಿಲ್ಲಿ ಈಗ ಚಳಿ, ಆದ್ರೂ ಮೂಗು ತೂರಿಸ್ತೀನಿ. ಆಸ್ಟ್ರೇಲಿಯಾದಲ್ಲಿ ಎಎಸ್ 4989 ಅನ್ನೋ ಸ್ಟ್ಯಾಂಡರ್ಡ್ ಇದೆ. ಇಲ್ಲಿರೋರು ಅದನ್ನು ನೋಡಿ ತಗೊಳ್ಳಿ. ನಾನು ಪ್ರತಿ ವರ್ಷ ಬೇಸಿಗೆ ಶುರುವಿಗೆ ಒಂದು ಕೆಲಸ ಮಾಡ್ತೀನಿ. ಬಲೆಯನ್ನು ಎರಡು ಕೈಲಿ ಹಿಡಿದು ಜೋರಾಗಿ ಜಗ್ಗಿ ನೋಡ್ತೀನಿ. ಬಿಸಿಲಿಗೆ ಹಳತಾದ ಬಲೆ ನೋಡೋಕೆ ಚೆನ್ನಾಗೇ ಇರುತ್ತೆ, ಜಗ್ಗಿದರೆ ಪರ್ ಅಂತ ಹರಿಯುತ್ತೆ. ಹೋದ ಸಲ ಹಾಗೇ ಆಯ್ತು, ಹೊಸದು ತರಿಸಿದೆ.

ಕ್ಯಾರಿ_ಗೃಹಸ್ಥ

ನಮ್ಮ ಏರಿಯಾದ ಗುಂಪಿನಲ್ಲಿ ಒಬ್ಬರು 14 ಅಡಿಯದ್ದು ಪುಕ್ಕಟೆ ಕೊಡ್ತೀನಿ, ಬಿಚ್ಚಿಕೊಂಡು ಹೋಗಿ ಅಂತಿದ್ದಾರೆ. ತರಬಹುದಾ?

ಬೋಲ್ಟು_ನಟ್ಟು

ಹೋಗೋ ಮುಂಚೆ ಕಂಪನಿ, ಮಾಡೆಲ್ ನಂಬರ್ ಕೇಳಿ ಸಿಪಿಎಸ್‌ಸಿ ಸೈಟಿನಲ್ಲಿ ರೀಕಾಲ್ ಆಗಿದೆಯಾ, ಅಂದ್ರೆ ದೋಷ ಇದೆ ಅಂತ ವಾಪಸ್ ಕರೆಸಿಕೊಂಡಿದ್ದಾರಾ ನೋಡಿ. ಹೋದಾಗ ಕಾಲುಗಳು ಚೌಕಟ್ಟಿಗೆ ಸೇರೋ ವೆಲ್ಡಿಂಗ್ ಮೇಲೆ ಬೆರಳಾಡಿಸಿ. ತುಕ್ಕಿನ ಹಕ್ಕಳೆ ಎದ್ದು ಬಂದರೆ ವಾಪಸ್ ಬನ್ನಿ. ಸ್ಪ್ರಿಂಗ್ ಒಂದು ಬಿಚ್ಚಿ ನೋಡಿ, ಎಳೆಯದೇ ಇದ್ದಾಗಲೂ ಸುರುಳಿ ನಡುವೆ ಸಂದು ಕಂಡರೆ ಅದರ ಆಯಸ್ಸು ಮುಗೀತು. ಬಲೆ, ಪ್ಯಾಡ್ ಎರಡೂ ಹೊಸದು ಹಾಕಲೇಬೇಕು. ಆ ಖರ್ಚು ಸೇರಿಸಿದರೆ ಪುಕ್ಕಟೆ ಅನ್ನೋದು ಉಳಿಯಲ್ಲ. ನಾನಾಗಿದ್ರೆ ಬಿಡ್ತಿದ್ದೆ.

ಫ್ರಿಸ್ಕೋ_ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಇನ್ಶೂರೆನ್ಸ್‌ನವರು ಬಲೆ, ಬೇಲಿಯ ಬೀಗ ಎರಡರ ಫೋಟೋ ಕಳಿಸಿದರೆ ಒಪ್ತೀವಿ ಅಂತ ಇಮೇಲ್ ಮಾಡಿದ್ದಾರೆ ಎಡಿಸನ್ ಮಾವ. ಎಚ್‌ಒಎಯಿಂದ ಇನ್ನೂ ಉತ್ತರ ಬಂದಿಲ್ಲ. ಬಂದ ಮೇಲೆ 12 ಅಡಿಯ ದುಂಡಗಿರೋದು, ಬಲೆ ಮ್ಯಾಟಿನ ಅಂಚಿಗೇ ಕಟ್ಟಿರೋದು, ಆರ್ಡರ್ ಮಾಡ್ತೀವಿ. ಮಾವ ಬರೋ ತನಕ ಡಬ್ಬ ಬಿಚ್ಚಲ್ಲ ಅಂತ ಮಗಳಿಗೆ ಹೇಳಿದ್ದೀನಿ, ಒಪ್ಪಂದದಲ್ಲಿ ಪಲ್ಟಿ ಇಲ್ಲ ಅಂತಲೂ ಇದೆ. ಚಿಕ್ಕವನಿಗೆ ಹ್ಯಾಂಡಲ್ ಇರೋ ಪುಟ್ಟದು ನಿನ್ನೆಯೇ ಬಂತು.

ಜೋಡಿಸೋಕೆ ಎಷ್ಟು ಜನ ಬೇಕು?

ಬೋಲ್ಟು_ನಟ್ಟು

ಇಬ್ಬರು ಸಾಕು, ಅರ್ಧ ದಿನ ಇಟ್ಕೊಳ್ಳಿ. ಸ್ಪ್ರಿಂಗುಗಳನ್ನು ಸಾಲಾಗಿ ಹಾಕಿಕೊಂಡು ಹೋಗಬೇಡಿ, ಕೊನೆಗೆ ಒಂದು ಕಡೆ ಎಳೆಯೋಕೇ ಆಗಲ್ಲ. ಗಡಿಯಾರದ 12ರಲ್ಲಿ ಒಂದು, ಎದುರಿಗೆ 6ರಲ್ಲಿ ಒಂದು, ಆಮೇಲೆ 3, 9, ಹಾಗೆ ಎದುರುಬದುರು ಹಾಕಿ. ಕೊಕ್ಕೆಯ ಚೂಪು ತುದಿ ಕೆಳಗೆ ನೋಡಬೇಕು. ದಪ್ಪ ಗ್ಲೌಸ್ ಹಾಕ್ಕೊಳ್ಳಿ, ಎಳೆಯೋಕೆ ಟಿ ಆಕಾರದ ಕೊಕ್ಕೆ ಡಬ್ಬದಲ್ಲೇ ಇರುತ್ತೆ.

ಪ್ಲೇನೋ_ಪುಟ್ಟಿಅಮ್ಮ

ಶನಿವಾರ ಇಟ್ಕೊಂಡರೆ ನಮ್ಮವರನ್ನೂ ಕಳಿಸ್ತೀನಿ ಅಕ್ಕ. ಊಟ ನಿಮ್ಮದು.